ಎಚ್‌ಐವಿಗೆ ಮಾತ್ರೆ ಇದೆ, ಊರ ನಾಲಿಗೆಗೆ ಇಲ್ಲ

ಡಿಸೆಂಬರ್ 1 ಬಂದರೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಒಂದು ಜಾಥಾ ಹೊರಡುತ್ತದೆ. ಶಾಲಾ ಮಕ್ಕಳ ಕೈಯಲ್ಲಿ ಫಲಕ, ಅಧಿಕಾರಿಗಳ ಎದೆ ಮೇಲೆ ಕೆಂಪು ರಿಬ್ಬನ್, ಮುಂದೆ ಬ್ಯಾನರ್. ಹಸಿರು ನಿಶಾನೆ ತೋರಿಸುವ ಫೋಟೊ ಆಗುತ್ತದೆ. ಆಮೇಲೆ ವೇದಿಕೆ ಮೇಲೆ ಭಾಷಣ. ಆ ಭಾಷಣದ ಸಾರ ಇಪ್ಪತ್ತು ವರ್ಷದಿಂದ ಬದಲಾಗಿಲ್ಲ: ಏಡ್ಸ್ ಮಹಾಮಾರಿ, ಇದಕ್ಕೆ ಮದ್ದಿಲ್ಲ, ಯುವಕರು ಒಳ್ಳೆಯ ನಡತೆ ಬೆಳೆಸಿಕೊಳ್ಳಬೇಕು. ಮಕ್ಕಳಿಗೆ ಬಿಸ್ಕತ್ತು ಹಂಚಿ ಕಾರ್ಯಕ್ರಮ ಮುಗಿಸುತ್ತಾರೆ.

ಈ ಭಾಷಣದಲ್ಲಿ ಹೇಳಿದ್ದು ತಪ್ಪು, ಹೇಳಲೇಬೇಕಾದದ್ದು ಬಿಟ್ಟುಹೋಗಿದೆ.

ಎಚ್‌ಐವಿಯನ್ನು ದೇಹದಿಂದ ಪೂರ್ತಿ ಕಿತ್ತುಹಾಕುವ ಔಷಧಿ ಇನ್ನೂ ಇಲ್ಲ, ಅದು ನಿಜ. ಬಿಪಿಗೂ ಇಲ್ಲ, ಸಕ್ಕರೆ ಕಾಯಿಲೆಗೂ ಇಲ್ಲ. ಆದರೆ ವೈರಸ್ಸನ್ನು ಅಡಗಿಸಿಡುವ ಮಾತ್ರೆ ಇದೆ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ತಪ್ಪದೆ ನುಂಗಿದವರು ಉಳಿದವರ ಹಾಗೆಯೇ ದುಡಿದು, ಮದುವೆಯಾಗಿ, ಮಕ್ಕಳನ್ನು ಹೆತ್ತು ಬಾಳುತ್ತಿದ್ದಾರೆ.

ಹಾಗಾದರೆ ಎಚ್‌ಐವಿ ನಮ್ಮ ಹಳ್ಳಿಗಳನ್ನು ಇನ್ನೂ ಯಾಕೆ ಬಿಟ್ಟಿಲ್ಲ? ನನ್ನ ಉತ್ತರ ಕೆಲವರಿಗೆ ಕಹಿಯಾಗಬಹುದು. ಇವತ್ತು ದೊಡ್ಡ ಅಡ್ಡಿ ಔಷಧಿಯ ಕೊರತೆ ಅಲ್ಲ, ಯಾರದೋ ಕೆಟ್ಟ ನಡತೆಯೂ ಅಲ್ಲ. ಇನ್ನೊಬ್ಬರ ರೋಗದ ಗುಟ್ಟನ್ನು ಕಾಯಲಾರದ ನಾವೇ ಆ ಅಡ್ಡಿ. ನಮ್ಮ ಊರು, ನಮ್ಮ ಆಸ್ಪತ್ರೆಯ ಕಾರಿಡಾರು, ನಮ್ಮ ವಾಟ್ಸ್‌ಆ್ಯಪ್ ಗುಂಪು.

ಮಾತ್ರೆ ತಲುಪಿದಲ್ಲಿ ಏನಾಗಿದೆ?

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಆಮೇಲೆ ಬಹಳ ವರ್ಷ ಬಡವರ ಪಾಲಿಗೆ ಅದು ಸಾವಿನ ಚೀಟಿಯೇ ಆಗಿತ್ತು. ಔಷಧಿ ಬಂದರೂ ವರ್ಷಕ್ಕೆ ಲಕ್ಷಗಟ್ಟಲೆ ರೂಪಾಯಿ ಬೇಕಿತ್ತು. 2001ರಲ್ಲಿ ನಮ್ಮದೇ ದೇಶದ ಸಿಪ್ಲಾ ಕಂಪನಿ, ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆ ಬೆಲೆಗೆ ಮೂರು ಔಷಧಿಗಳನ್ನು ಕೊಡುತ್ತೇನೆ ಎಂದು ಮುಂದೆ ಬಂತು. ಜಗತ್ತಿನ ಲೆಕ್ಕವೇ ಬದಲಾಯಿತು. 2004ರ ಏಪ್ರಿಲ್ 1ರಿಂದ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಎಆರ್‌ಟಿ ಎಂಬ ಈ ಚಿಕಿತ್ಸೆ ಉಚಿತವಾಗಿ ಶುರುವಾಯಿತು. ಮೊದಮೊದಲು ದೇಹದ ರೋಗನಿರೋಧಕ ಶಕ್ತಿ ಕುಸಿದವರಿಗೆ ಮಾತ್ರ ಕೊಡುತ್ತಿದ್ದರು. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ತಕ್ಷಣವೇ ಕೊಡಬೇಕೆಂಬ ನಿಯಮ ಇದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಮೂರೂ ಔಷಧಿ ಅದರೊಳಗೇ ಇರುತ್ತವೆ.

ಈ ಮಾತ್ರೆ ಮಾಡುವ ಕೆಲಸ ಸರಳ. ಎಚ್‌ಐವಿ ನಮ್ಮ ರಕ್ತದ ಕಾವಲು ಕೋಶಗಳ ಒಳಗೆ ಹೊಕ್ಕು ತನ್ನ ನಕಲು ಮಾಡಿಕೊಳ್ಳುತ್ತದೆ, ಕಾವಲು ಕೋಶಗಳನ್ನು ಕೊಲ್ಲುತ್ತದೆ. ಮಾತ್ರೆ ಆ ನಕಲು ಮಾಡುವ ಕೆಲಸವನ್ನೇ ನಿಲ್ಲಿಸುತ್ತದೆ. ಕೆಲವು ತಿಂಗಳು ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಎಷ್ಟು ಕಡಿಮೆಯಾಗುತ್ತದೆ ಅಂದರೆ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಹೀಗೆ ವೈರಸ್ ಅಡಗಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ದಾಟುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಯುರೋಪಿನಲ್ಲಿ 888 ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ, ಅದರ ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಸೋಂಕು, ಇನ್ನೊಬ್ಬರಿಗೆ ಇಲ್ಲ. ಸೋಂಕಿದ್ದವರು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಕಾಂಡೋಮ್ ಇಲ್ಲದೆ ಸುಮಾರು 58 ಸಾವಿರ ಬಾರಿ ಸೇರಿದರೂ ಒಬ್ಬ ಸಂಗಾತಿಯಿಂದಲೂ ಇನ್ನೊಬ್ಬರಿಗೆ ಸೋಂಕು ದಾಟಿರಲಿಲ್ಲ.

ಅಂದರೆ ಮಾತ್ರೆ ನುಂಗುವವರು ತಮ್ಮನ್ನಷ್ಟೇ ಉಳಿಸಿಕೊಳ್ಳುವುದಿಲ್ಲ, ತಮ್ಮ ಸಂಗಾತಿಯನ್ನೂ ಉಳಿಸುತ್ತಾರೆ. ಚಿಕಿತ್ಸೆಯೇ ತಡೆ.

ತಾಯಿಯಿಂದ ಮಗುವಿಗೆ ಹೋಗುವುದೂ ಹಾಗೆಯೇ. ಚಿಕಿತ್ಸೆ ಇಲ್ಲದಿದ್ದರೆ ನೂರು ಸೋಂಕಿತ ತಾಯಂದಿರಲ್ಲಿ 15ರಿಂದ 45 ಮಂದಿಯ ಮಗುವಿಗೆ ಸೋಂಕು ತಗುಲಬಹುದು. ಬಸಿರಿನಲ್ಲೇ ಪರೀಕ್ಷೆ ಮಾಡಿಸಿ ಮಾತ್ರೆ ಶುರುಮಾಡಿ, ಹುಟ್ಟಿದ ಮಗುವಿಗೂ ಔಷಧಿ ಕೊಟ್ಟರೆ ಅದು ನೂರಕ್ಕೆ 5ಕ್ಕಿಂತ ಕೆಳಗೆ ಇಳಿಯುತ್ತದೆ.

ಈಗ ದೇಶದ ಲೆಕ್ಕ ನೋಡಿ. ಭಾರತದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಮಹಾರಾಷ್ಟ್ರ, ಆಂಧ್ರಪ್ರದೇಶದ ಬಳಿಕ ಹೆಚ್ಚು ಸೋಂಕಿತರಿರುವುದು ನಮ್ಮ ಕರ್ನಾಟಕದಲ್ಲಿ, ಎರಡೂವರೆ ಲಕ್ಷಕ್ಕೂ ಮೇಲೆ. ವಯಸ್ಕರಲ್ಲಿ ಸೋಂಕಿನ ಪ್ರಮಾಣ ನಮ್ಮಲ್ಲಿ ದೇಶದ ಸರಾಸರಿಯ ಎರಡು ಪಟ್ಟು. ದೇಶದ ಸೋಂಕಿತರಲ್ಲಿ ಐವರಲ್ಲಿ ಸುಮಾರು ಒಬ್ಬರಿಗೆ ತಮಗೆ ಸೋಂಕಿದೆ ಎಂದೇ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಲ್ಲಿಲ್ಲ. ಆದರೆ ಚಿಕಿತ್ಸೆಯಲ್ಲಿ ಉಳಿದು ವೈರಸ್ ಪರೀಕ್ಷೆ ಮಾಡಿಸಿಕೊಂಡವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿಗೆ ವೈರಸ್ ಅಡಗಿದೆ.

ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಮಾತ್ರೆ ಹೊಟ್ಟೆಗೆ ಇಳಿದ ಕಡೆ ಅದು ಗೆದ್ದಿದೆ. ನಾವು ಸೋಲುತ್ತಿರುವುದು ಎರಡೇ ಕಡೆ: ಪರೀಕ್ಷೆಗೆ ಬರುವ ದಾರಿಯಲ್ಲಿ, ಚಿಕಿತ್ಸೆಯಲ್ಲಿ ಉಳಿಯುವ ದಾರಿಯಲ್ಲಿ. ಆ ಎರಡೂ ದಾರಿಯಲ್ಲಿ ನಿಂತಿರುವುದು ಭಯ. ಸಾಯುವ ಭಯಕ್ಕಿಂತ ದೊಡ್ಡದು ಜನರಿಗೆ ಗೊತ್ತಾಗುವ ಭಯ.

ಗುಟ್ಟು ಒಡೆಯುವುದು ಹೀಗೆ

ನಮ್ಮ ಉತ್ತರ ಕರ್ನಾಟಕದ ಕಡೆ ಎಚ್‌ಐವಿ ಎಂಬ ಹೆಸರನ್ನೇ ಜನ ಹೇಳುವುದಿಲ್ಲ. ‘ಅವನಿಗೆ ದೊಡ್ಡ ರೋಗ ಐತಂತ’ ಅನ್ನುತ್ತಾರೆ. ಆ ‘ಅಂತ’ ಇದೆಯಲ್ಲ, ಅದಕ್ಕೆ ಕಾಲು ಬಹಳ. ಮುಂಜಾನೆ ಆಸ್ಪತ್ರೆಯಲ್ಲಿ ಹುಟ್ಟಿದ್ದು ಸಂಜೆಗೆ ಅಗಸಿ ಕಟ್ಟೆಗೆ ಬಂದಿರುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ ಮಾತ್ರೆಗೆ ನಿಂತವರು, ಹಲ್ಲು ತೋರಿಸಲು ನಿಂತವರು ಎಲ್ಲ ಒಂದೇ ಕಾರಿಡಾರಿನಲ್ಲಿ. ಎಚ್‌ಐವಿಗೆ ಮಾತ್ರ ಬೇರೆ ಬಾಗಿಲು, ಬಾಗಿಲ ಮೇಲೆ ದೊಡ್ಡ ಅಕ್ಷರದ ಬೋರ್ಡು. ಆ ಬಾಗಿಲ ಮುಂದೆ ಹತ್ತು ನಿಮಿಷ ಕೂತರೆ ಸಾಕು, ಪಕ್ಕದ ಹಳ್ಳಿಯವನು ಯಾರೋ ನೋಡಿರುತ್ತಾನೆ. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದು, ಹೆರಿಗೆ ವಾರ್ಡಿನಲ್ಲಿ ಮಂಚಕ್ಕೆ ಗುರುತು ಹಾಕುವುದು, ‘ಆ ಪೇಶೆಂಟ್ ಪಾಸಿಟಿವ್, ಕೊನೆಗೆ ನೋಡೋಣ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುವುದು, ಖಾಸಗಿ ಲ್ಯಾಬಿನವನು ರಿಪೋರ್ಟನ್ನು ರೋಗಿಯ ಕೈಗೆ ಕೊಡುವ ಬದಲು ಜೊತೆಗೆ ಬಂದ ಮಾವನ ಕೈಗೆ ಕೊಡುವುದು. ಇವನ್ನೆಲ್ಲ ನಮ್ಮ ಭಾಗದ ಸೋಂಕಿತರು ಹೇಳಿಕೊಂಡದ್ದನ್ನು ಕೇಳಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಈ ಲೇಖನವೂ ಅದೇ ಕೆಲಸ ಮಾಡಿದಂತೆ.

ಗುಟ್ಟು ಒಡೆದ ಮೇಲೆ ಏನಾಗುತ್ತದೆ? ಗಂಡ ಸತ್ತಿದ್ದರೆ ಸೊಸೆಯನ್ನು ತವರಿಗೆ ಅಟ್ಟುತ್ತಾರೆ, ಹೊಲದ ಪಾಲು ಅಲ್ಲಿಗೆ ಮುಗಿಯಿತು. ಕೂಲಿಗೆ ಕರೆಯುವುದು ನಿಲ್ಲುತ್ತದೆ. ಚಹಾದಂಗಡಿಯಲ್ಲಿ ಲೋಟ ಬೇರೆ ಇಡುತ್ತಾರೆ. ಅಂಗನವಾಡಿಯಲ್ಲಿ ಆ ಮಗುವಿನ ಪಕ್ಕ ಕೂಡಿಸಬೇಡಿ ಎಂದು ಉಳಿದ ತಾಯಂದಿರು ತಕರಾರು ತೆಗೆಯುತ್ತಾರೆ. ಲೋಟದಿಂದ, ಊಟದಿಂದ, ಕೈ ಮುಟ್ಟಿದರೆ, ಸೊಳ್ಳೆ ಕಚ್ಚಿದರೆ, ಒಂದೇ ಶೌಚಾಲಯ ಬಳಸಿದರೆ ಎಚ್‌ಐವಿ ಬರುವುದಿಲ್ಲ ಎಂದು ಪಠ್ಯಪುಸ್ತಕದಲ್ಲೇ ಇದೆ. ಪರೀಕ್ಷೆಯಲ್ಲಿ ಅದನ್ನು ಬರೆದು ಪಾಸಾದವರೇ ಲೋಟ ಬೇರೆ ಇಡುವುದು.

ಇದನ್ನೆಲ್ಲ ಕಂಡ ಉಳಿದವರು ಪಾಠ ಕಲಿಯುತ್ತಾರೆ. ಏನು ಪಾಠ? ಪರೀಕ್ಷೆ ಮಾಡಿಸಬೇಡ. ಮಾಡಿಸಿದರೂ ಹತ್ತಿರದ ಆಸ್ಪತ್ರೆಗೆ ಹೋಗಬೇಡ.

ಹೀಗಾಗಿ ಸ್ವಂತ ತಾಲ್ಲೂಕಿನಲ್ಲಿ ಮಾತ್ರೆ ಸಿಗುವಾಗಲೂ ಬಾಗಲಕೋಟೆ ಕಡೆಯವರು ವಿಜಯಪುರಕ್ಕೆ, ವಿಜಯಪುರದವರು ಸೊಲ್ಲಾಪುರಕ್ಕೆ, ಬೆಳಗಾವಿಯ ಗಡಿಯವರು ಮೀರಜ್, ಸಾಂಗ್ಲಿಗೆ ಬಸ್ ಹತ್ತುತ್ತಾರೆ. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ, ಮನೆಯಲ್ಲಿ ಹೇಳಲು ಒಂದು ಸುಳ್ಳು ಬೇರೆ. ವಾಪಸು ಬರುವಾಗ ಡಬ್ಬಿ ಮೇಲಿನ ಚೀಟಿ ಕಿತ್ತು, ಮಾತ್ರೆ ಅಲುಗಿ ಸದ್ದಾಗದಂತೆ ಒಳಗೆ ಹತ್ತಿ ತುರುಕಿ ತರುತ್ತಾರೆ. ಮನೆ ತುಂಬ ನೆಂಟರಿದ್ದ ದಿನ ಮಾತ್ರೆ ನುಂಗಲಾಗುವುದಿಲ್ಲ. ಜಾತ್ರೆ, ಮದುವೆ, ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲು, ಎಲ್ಲಾದರೂ ಯಾರಾದರೂ ‘ಅದೇನು ಗುಳಿಗಿ?’ ಅಂದುಬಿಟ್ಟರೆ? ಒಂದು ದಿನ ತಪ್ಪುತ್ತದೆ, ಒಂದು ವಾರ ತಪ್ಪುತ್ತದೆ, ಆಮೇಲೆ ಆಸ್ಪತ್ರೆಯ ದಾರಿಯೇ ತಪ್ಪುತ್ತದೆ.

ಮಾತ್ರೆ ನಿಂತರೆ ಅಡಗಿದ್ದ ವೈರಸ್ ಮತ್ತೆ ಏಳುತ್ತದೆ. ಸಂಗಾತಿಗೆ ದಾಟುವ ಶಕ್ತಿ ಮರಳಿ ಬರುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಆ ಔಷಧಿಗೆ ಬಗ್ಗದ ವೈರಸ್ ಹುಟ್ಟಬಹುದು. ದೇಹ ಸೋತಾಗ ಟಿಬಿ ಬಂದು ಕೂರುತ್ತದೆ.

ಈಗ ಹೇಳಿ, ಸೋಂಕು ದಾಟಿಸಿದವರು ಯಾರು? ಮಾತ್ರೆ ಬಿಟ್ಟವನು ಒಬ್ಬನೇನಾ? ಅವನು ಬಿಡುವಂತೆ ಮಾಡಿದ ನಾಲಿಗೆಗಳಿಗೆ ಇದರಲ್ಲಿ ಪಾಲಿಲ್ಲವೇ?

ನಡತೆಯ ಭಾಷಣ ಯಾರಿಗೆ?

‘ಒಳ್ಳೆಯ ನಡತೆ ಇದ್ದರೆ ಎಚ್‌ಐವಿ ಬರುವುದಿಲ್ಲ’ ಎನ್ನುವವರು ಎಆರ್‌ಟಿ ಕೇಂದ್ರದಲ್ಲಿ ಒಂದು ದಿನ ಕೂತು ನೋಡಬೇಕು. ಅಲ್ಲಿ ಸಾಲಿನಲ್ಲಿರುವ ಎಷ್ಟೋ ಹೆಂಗಸರು ಜೀವನದಲ್ಲಿ ಗಂಡನೊಬ್ಬನನ್ನು ಬಿಟ್ಟು ಬೇರೆಯವರ ಕಡೆ ನೋಡಿದವರಲ್ಲ. ಹದಿನೆಂಟಕ್ಕೆ ಮದುವೆ, ಇಪ್ಪತ್ತಕ್ಕೆ ಬಸಿರು, ಬಸಿರಿನ ಪರೀಕ್ಷೆಯಲ್ಲಿ ಸೋಂಕು ಪತ್ತೆ. ಗಂಡ ಗೋವಾದಲ್ಲೋ ಪುಣೆಯಲ್ಲೋ ದುಡಿಯಲು ಹೋದವನು. ಮೊದಲು ಪತ್ತೆಯಾದವಳು ಅವಳು ಎಂಬ ಒಂದೇ ಕಾರಣಕ್ಕೆ ‘ಇವಳೇ ತಂದಳು’ ಎಂಬ ಹೆಸರು ಅವಳ ತಲೆಗೆ ಬರುತ್ತದೆ. ಇವಳಿಗೆ ನೀವು ನಡತೆಯ ಪಾಠ ಹೇಳುತ್ತೀರಾ? ಹುಟ್ಟುವಾಗಲೇ ಸೋಂಕು ಹೊತ್ತು ಬಂದು ಈಗ ಕಾಲೇಜಿಗೆ ಹೋಗುತ್ತಿರುವ ಹುಡುಗನಿಗೆ ಹೇಳುತ್ತೀರಾ?

ನಡತೆಯ ಭಾಷಣ ಇನ್ನೊಂದು ಹಾನಿ ಮಾಡುತ್ತದೆ. ಎಚ್‌ಐವಿ ಬಂದವನು ಕೆಟ್ಟವನು ಎಂದು ಅದು ಊರಿಗೆ ಹೇಳಿಕೊಡುತ್ತದೆ. ಹಾಗಾದ ಮೇಲೆ ಯಾವ ಮನುಷ್ಯ ತಾನಾಗಿ ಬಂದು ತೋಳು ಚಾಚಿ ರಕ್ತ ಕೊಡುತ್ತಾನೆ? ಪರೀಕ್ಷೆಗೆ ಬರುವುದೆಂದರೆ ತಪ್ಪೊಪ್ಪಿಕೊಳ್ಳಲು ಬಂದ ಹಾಗೆ ಆಗುತ್ತದೆ.

ಊರು ಯಾರನ್ನು ಕೆಟ್ಟವರು ಎಂದಿತೋ ಅವರೇ ಈ ಕೆಲಸದಲ್ಲಿ ನಮಗಿಂತ ಮುಂದಿದ್ದಾರೆ. ಮೈಸೂರಿನಲ್ಲಿ 2004ರ ಹೊತ್ತಿಗೆ ಶುರುವಾದ ಕೆಲಸದಿಂದ ಬೆಳೆದ ಆಶೋದಯ ಸಮಿತಿಯನ್ನು ನಡೆಸುವವರು ಲೈಂಗಿಕ ಕಾರ್ಯಕರ್ತರು. ತಮ್ಮವರಿಗೆ ಕಾಂಡೋಮ್ ತಲುಪಿಸಿದವರು, ಗುಪ್ತರೋಗಗಳಿಗೆ ಚಿಕಿತ್ಸೆ ಕೊಡಿಸಿದವರು, ಪರೀಕ್ಷೆಗೆ ಕೈ ಹಿಡಿದು ಕರೆದೊಯ್ದವರು, ಮಾತ್ರೆ ಬಿಟ್ಟವರ ಮನೆಗೆ ಹೋಗಿ ಮತ್ತೆ ಕರೆತಂದವರು ಅವರೇ. ಬೆಳಗಾವಿ, ಬಾಗಲಕೋಟೆ ಭಾಗದಲ್ಲೂ ಇಂಥ ಮಹಿಳಾ ಸಂಘಗಳು ಕೆಲಸ ಮಾಡಿವೆ. ಅಲ್ಲಿ ಯಾರೂ ಯಾರಿಗೂ ನಡತೆಯ ಭಾಷಣ ಮಾಡಲಿಲ್ಲ. ಗುಟ್ಟು ಕಾಯುತ್ತೇನೆ ಎಂಬ ನಂಬಿಕೆ ಕೊಟ್ಟರು. ನಂಬಿಕೆ ಬಂದಲ್ಲಿ ಜನ ಬಂದರು.

ನಮ್ಮ ಜಾಥಾದ ವೇದಿಕೆಯಲ್ಲಿ ಮಾತ್ರ ಕಾಂಡೋಮ್ ಎಂಬ ಶಬ್ದ ಇನ್ನೂ ಬಾಯಿಗೆ ಬಂದಿಲ್ಲ. ‘ಸುರಕ್ಷಿತ ಕ್ರಮ’ ಎನ್ನುತ್ತಾರೆ. ಹದಿನೇಳರ ಹುಡುಗ ಅದನ್ನು ಮಾಸ್ಕ್ ಎಂದುಕೊಂಡರೆ ಯಾರ ತಪ್ಪು?

ಕಾನೂನು ಇದೆ, ಅದನ್ನು ಹೇಳುವ ಬೋರ್ಡು ಇಲ್ಲ

2017ರಲ್ಲಿ ಸಂಸತ್ತು ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ ಮಾಡಿತು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಮ್ಮ ಎಷ್ಟು ಗ್ರಾಮ ಪಂಚಾಯಿತಿ ಸದಸ್ಯರಿಗೆ ಇದು ಗೊತ್ತು? ಫೋನಿನಲ್ಲಿ ಓದುತ್ತಿರುವ ನೀವು ಇದನ್ನು ಉಳಿಸಿಟ್ಟುಕೊಳ್ಳಿ.

ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಪರೀಕ್ಷೆ ಯಾಕೆ, ಏನು ಎಂದು ತಿಳಿಸಿ ಹೇಳಿ ಒಪ್ಪಿಗೆ ಪಡೆಯಬೇಕು. ಕೋರ್ಟಿನ ಆದೇಶದಂಥ ಕೆಲವೇ ಸಂದರ್ಭಗಳು ಇದಕ್ಕೆ ಹೊರತು.

ನಂಬಿಕೆಯ ಮೇಲೆ ತಿಳಿದ ಇನ್ನೊಬ್ಬರ ಎಚ್‌ಐವಿ ವಿಷಯವನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಬಯಲು ಮಾಡುವಂತಿಲ್ಲ. ಇದು ಕಲಂ 8.

ಸೋಂಕಿದೆ ಎಂದು ಕೆಲಸದಿಂದ ತೆಗೆಯುವುದು, ಚಿಕಿತ್ಸೆ ನಿರಾಕರಿಸುವುದು, ಶಾಲೆಗೆ ಸೇರಿಸಿಕೊಳ್ಳದಿರುವುದು, ಬಾಡಿಗೆ ಮನೆ ಬಿಡಿಸುವುದು, ಬೇರೆ ಕೂಡಿಸುವುದು ಎಲ್ಲವೂ ತಾರತಮ್ಯ. ಕಾಯ್ದೆ ಅಂಗಡಿ, ಬಾವಿ, ಕೆರೆ, ಸ್ಮಶಾನ, ಶವಸಂಸ್ಕಾರವನ್ನೂ ಹೆಸರಿಟ್ಟು ಹೇಳಿದೆ. ಅಂದರೆ ದಿಲ್ಲಿಯಲ್ಲಿ ಕೂತು ಕಾಯ್ದೆ ಬರೆದವರಿಗೂ ನಮ್ಮ ಹಳ್ಳಿಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಚೆನ್ನಾಗಿ ಗೊತ್ತಿತ್ತು.

ಗಂಡನ ಮನೆಯಲ್ಲಿ ವಾಸಿಸುವ ಹಕ್ಕು ಸೋಂಕಿತ ಹೆಂಗಸಿಗೆ ಇದೆ. ಅವಳನ್ನು ಹೊರಹಾಕುವಂತಿಲ್ಲ. ಕೋರ್ಟಿಗೆ ಹೋದರೆ ಹೆಸರು ಮುಚ್ಚಿಟ್ಟು ವಿಚಾರಣೆ ನಡೆಸಲು ಕೇಳಬಹುದು.

ಸೋಂಕಿತರ ವಿರುದ್ಧ ದ್ವೇಷ ಹರಡುವ ಮಾತು, ಬರಹಕ್ಕೆ ಮೂರು ತಿಂಗಳಿಂದ ಎರಡು ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ ಇದೆ. ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್‌ಗಳು ಇದನ್ನು ಎರಡು ಸಲ ಓದಲಿ.

ದೂರು ಕೇಳಲು ರಾಜ್ಯ ಸರ್ಕಾರ ಓಂಬುಡ್ಸ್‌ಮನ್ ನೇಮಿಸಬೇಕು. ದೂರು ಬಂದ 30 ದಿನದೊಳಗೆ, ತುರ್ತು ಚಿಕಿತ್ಸೆಯ ವಿಷಯವಾದರೆ 24 ಗಂಟೆಯೊಳಗೆ ಅವರು ಆದೇಶ ಕೊಡಬೇಕು. ಆದೇಶ ಪಾಲಿಸದಿದ್ದರೆ 10 ಸಾವಿರ ರೂಪಾಯಿ ತನಕ ದಂಡ, ಆಮೇಲೂ ಪಾಲಿಸದಿದ್ದರೆ ದಿನಕ್ಕೆ 5 ಸಾವಿರದ ತನಕ. 20 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿಯೊಬ್ಬರು ಇರಲೇಬೇಕು.

ಇಷ್ಟೆಲ್ಲ ಇದ್ದೂ ಈ ದೂರು ಅಧಿಕಾರಿ ಯಾರು ಎಂದು ಹೇಳುವ ಒಂದು ಬೋರ್ಡು ನಾನು ಓಡಾಡುವ ಆಸ್ಪತ್ರೆಗಳಲ್ಲಿ ಕಣ್ಣಿಗೆ ಬಿದ್ದಿಲ್ಲ. ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು ಮಾತ್ರ ಎಲ್ಲ ಕಡೆ ಇದೆ. ಜನರಿಗೆ ಹೇಳದ ಕಾನೂನು ಇದ್ದೂ ಇಲ್ಲದ ಹಾಗೆ.

‘ಊರಿಗೆ ಗೊತ್ತಾಗಬೇಡವೇ?’

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಹಿಂಗ ಮುಚ್ಚಿಟ್ಟರ ಉಳಿದವರ ಗತಿ ಏನ್ರಿ? ನಮ್ಮ ಮಕ್ಕಳನ್ನ ನಾವು ಕಾಪಾಡಬ್ಯಾಡೇನು?’ ಸಿಟ್ಟಿನಿಂದ ಕೇಳುವವರೂ ಇದ್ದಾರೆ, ನಿಜವಾದ ಹೆದರಿಕೆಯಿಂದ ಕೇಳುವವರೂ ಇದ್ದಾರೆ. ಉತ್ತರ ಕೊಡಬೇಕು.

ಎಚ್‌ಐವಿ ದಾಟುವುದು ನಾಲ್ಕು ದಾರಿಯಲ್ಲಿ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬಳಸುವುದು, ಪರೀಕ್ಷಿಸದ ರಕ್ತ, ಚಿಕಿತ್ಸೆ ಇಲ್ಲದ ತಾಯಿಯಿಂದ ಬಸಿರು, ಹೆರಿಗೆ, ಎದೆಹಾಲಿನ ಸಮಯದಲ್ಲಿ ಮಗುವಿಗೆ. ನೆರೆಮನೆಯವನಿಗೆ ಸೋಂಕಿದೆಯೋ ಇಲ್ಲವೋ ಎಂದು ತಿಳಿಯುವುದರಿಂದ ಈ ನಾಲ್ಕರಲ್ಲಿ ಯಾವುದು ನಿಲ್ಲುತ್ತದೆ? ಒಂದೂ ಇಲ್ಲ. ಊರಿನ ಇಂಜೆಕ್ಷನ್ ಡಾಕ್ಟರು ಹೊಸ ಸೂಜಿ ಬಳಸುತ್ತಾನೋ ಇಲ್ಲವೋ ಎಂದು ಕೇಳುವುದರಿಂದ ಒಂದು ದಾರಿ ನಿಲ್ಲುತ್ತದೆ. ಅದನ್ನು ಯಾರೂ ಕೇಳುವುದಿಲ್ಲ.

ಹೆಂಡತಿಗೆ, ಗಂಡನಿಗೆ ಗೊತ್ತಾಗಬೇಡವೇ? ಗೊತ್ತಾಗಬೇಕು. ಕಾಯ್ದೆಯೂ ಅದನ್ನು ಬಿಟ್ಟಿಲ್ಲ. ಸಂಗಾತಿಗೆ ತಿಳಿಸುವಂತೆ ಮೊದಲು ಸೋಂಕಿತರಿಗೇ ತಿಳಿಹೇಳುತ್ತಾರೆ. ಅವರು ಹೇಳುವುದಿಲ್ಲ ಎಂದು ಖಚಿತವಾದರೆ, ಸಂಗಾತಿಗೆ ಅಪಾಯ ಇದ್ದರೆ, ವೈದ್ಯರು ಅಥವಾ ಆಪ್ತ ಸಮಾಲೋಚಕರು ಮುಂಚಿತವಾಗಿ ತಿಳಿಸಿ, ಸಂಗಾತಿಗೆ ಮುಖಾಮುಖಿ ಹೇಳಬಹುದು. ಹೇಳಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರದಬ್ಬುತ್ತಾರೆ ಎಂಬ ಹೆದರಿಕೆ ಇರುವ ಹೆಂಗಸರ ವಿಷಯದಲ್ಲಿ ಇದಕ್ಕೆ ತಡೆ ಇದೆ. ಅಪಾಯ ಇರುವ ಒಬ್ಬರಿಗೆ, ಕೋಣೆಯೊಳಗೆ, ತಿಳಿದವರು ಹೇಳುವುದು ಬೇರೆ. ಅಪಾಯವೇ ಇಲ್ಲದ ಐನೂರು ಮಂದಿಗೆ ಕಟ್ಟೆ ಮೇಲೆ ಕೂತು ಹೇಳುವುದು ಬೇರೆ. ಮೊದಲನೆಯದು ರಕ್ಷಣೆ, ಎರಡನೆಯದು ಚಾಡಿ.

ಊರಿನ ರಕ್ಷಣೆಯ ಹೆಸರಿನಲ್ಲಿ ಏನು ಮಾಡಬಹುದು ಎಂಬುದನ್ನು ನಮ್ಮ ಪಕ್ಕದ ಗೋವಾ ಒಮ್ಮೆ ಮಾಡಿ ತೋರಿಸಿದೆ. ಡೊಮಿನಿಕ್ ಡಿಸೋಜಾ ಎಂಬ ಯುವಕ ರಕ್ತದಾನ ಮಾಡುತ್ತಿದ್ದವರು. ಆ ರಕ್ತದಲ್ಲಿ ಎಚ್‌ಐವಿ ಪತ್ತೆಯಾಯಿತು. 1989ರಲ್ಲಿ ಪೊಲೀಸರು ಅವರನ್ನು ಕರೆದೊಯ್ದು, ಆಗ ಗೋವಾದಲ್ಲಿದ್ದ ಆರೋಗ್ಯ ಕಾನೂನಿನ ಬಲದಿಂದ ಮಾಪುಸಾದ ಹಳೆಯ ಟಿಬಿ ಆಸ್ಪತ್ರೆಯಲ್ಲಿ 64 ದಿನ ಕೂಡಿಹಾಕಿದರು. ಹೊರಬಂದ ಮೇಲೆ ಕೆಲಸ ಹೋಯಿತು. ಅವರು ಸೋಂಕಿತರಿಗಾಗಿ ಸಂಘಟನೆ ಕಟ್ಟಿ 1992ರಲ್ಲಿ ತೀರಿಕೊಂಡರು. ಅವರನ್ನು ಕೂಡಿಹಾಕಿದ್ದರಿಂದ ಗೋವಾದಲ್ಲಿ ಎಚ್‌ಐವಿ ನಿಂತಿತೇ? ಉಲ್ಟಾ, ಇದನ್ನು ಕಂಡ ಯಾರು ತಾನೇ ಪರೀಕ್ಷೆಗೆ ಹೋಗಲು ಧೈರ್ಯ ಮಾಡಿಯಾರು? ಆಗ ಪೊಲೀಸರು ಮಾಡಿದ್ದನ್ನು ಇವತ್ತು ನಮ್ಮ ಊರುಗಳು ಬೀಗವಿಲ್ಲದೆ ಮಾಡುತ್ತಿವೆ.

ಪತ್ರಿಕೆಗಳ ಪಾಲೂ ಇದೆ

ನಮ್ಮ ವೃತ್ತಿಯವರನ್ನು ಬಿಟ್ಟು ಊರನ್ನಷ್ಟೇ ಬೈದರೆ ನ್ಯಾಯವಲ್ಲ. ‘ಮಾರಕ ರೋಗ’, ‘ಮಹಾಮಾರಿ’, ‘ಏಡ್ಸ್ ಪೀಡಿತೆ’ ಎಂಬ ಶಬ್ದಗಳು ಜಿಲ್ಲಾ ಪುಟಗಳಲ್ಲಿ ಇವತ್ತಿಗೂ ಅಚ್ಚಾಗುತ್ತಿವೆ. ಎಚ್‌ಐವಿ ವೈರಸ್ಸಿನ ಹೆಸರು. ಏಡ್ಸ್ ಎಂದರೆ ಚಿಕಿತ್ಸೆ ಇಲ್ಲದೆ ದೇಹ ಪೂರ್ತಿ ಸೋತ ಹಂತ. ಈ ಎರಡರ ವ್ಯತ್ಯಾಸವನ್ನು ಶೀರ್ಷಿಕೆ ಕೊಡುವವರು ನೋಡುವುದಿಲ್ಲ. ಟಿವಿಯವರು ಮುಖ ಮಸುಕು ಮಾಡುತ್ತಾರೆ, ಆದರೆ ಊರಿನ ಹೆಸರು, ಓಣಿ, ಮನೆಯ ಬಾಗಿಲು, ಗಂಡ ಮಾಡುತ್ತಿದ್ದ ಕೆಲಸ ಎಲ್ಲ ತೋರಿಸುತ್ತಾರೆ. ಎರಡು ಸಾವಿರ ಜನರ ಊರಿನಲ್ಲಿ ಇಷ್ಟು ಹೇಳಿದ ಮೇಲೆ ಮುಖ ಯಾಕೆ ಬೇಕು?

ಯಾವುದೋ ಊರಿನಲ್ಲಿ ಇಷ್ಟು ಸೋಂಕಿತರು ಎಂದು ಸುದ್ದಿ ಮಾಡುವುದೂ ಅಷ್ಟೇ. ಆ ಊರಿನ ಹುಡುಗಿಯರಿಗೆ ವರ ಸಿಗುವುದು ಕಷ್ಟವಾಗುತ್ತದೆ. ಮುಂದಿನ ಸಲ ಪರೀಕ್ಷಾ ಶಿಬಿರಕ್ಕೆ ಆ ಊರಿನಲ್ಲಿ ಯಾರೂ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಆಸ್ಪತ್ರೆಗಳು ಎಚ್‌ಐವಿ ಬಾಗಿಲಿನ ಬೋರ್ಡು ತೆಗೆಯಲಿ. ಒಂದು ನಂಬರು ಹಾಕಿದರೆ ಸಾಕು. ಮಾತ್ರೆ ಕೊಡುವ ಕಿಟಕಿ ಬಿಪಿ, ಸಕ್ಕರೆಯ ಕಿಟಕಿಯೇ ಆಗಲಿ. ದೂರು ಅಧಿಕಾರಿಯ ಹೆಸರು, ಫೋನ್ ನಂಬರು ಗೋಡೆ ಮೇಲೆ ಬರಲಿ. ಸಿಬ್ಬಂದಿ ಎಲ್ಲ ರೋಗಿಗಳಿಗೂ ಗ್ಲೌಸ್ ಹಾಕಿಕೊಂಡರೆ ಒಬ್ಬರ ಮಂಚಕ್ಕೆ ಗುರುತು ಹಾಕುವ ಅಗತ್ಯವೇ ಬರುವುದಿಲ್ಲ. ಮಾತ್ರೆಗೆ ಹೊಂದಿಕೊಂಡ ರೋಗಿಗಳಿಗೆ ಒಮ್ಮೆಗೇ ಮೂರು ತಿಂಗಳ ಮಾತ್ರೆ ಕೊಡಲು ಅವಕಾಶ ಇದೆ. ದುಡಿಯಲು ಹೊರಗೆ ಹೋಗುವವರಿಗೆ ಅದನ್ನು ತಪ್ಪದೆ ಕೊಡಲಿ.

ಗ್ರಾಮ ಪಂಚಾಯಿತಿಗಳು ಗ್ರಾಮಸಭೆಯಲ್ಲಿ ಒಂದು ಸಲ 2017ರ ಕಾಯ್ದೆಯನ್ನು ಕನ್ನಡದಲ್ಲಿ ಓದಿಸಲಿ. ಹತ್ತು ನಿಮಿಷದ ಕೆಲಸ. ಡಿಸೆಂಬರ್ 1ರ ಜಾಥಾಕ್ಕಿಂತ ಹೆಚ್ಚು ಉಪಯೋಗ.

ಇನ್ನು ಓದುತ್ತಿರುವ ನಿಮಗೆ.

ಜೀವನದಲ್ಲಿ ಒಮ್ಮೆಯಾದರೂ ಎಚ್‌ಐವಿ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಪುಕ್ಕಟೆ ಮಾಡುತ್ತಾರೆ, ಮೊದಲು ಮತ್ತು ಆಮೇಲೆ ಕೂತು ಮಾತಾಡುತ್ತಾರೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು, ಅನುಮಾನ ಇದ್ದರೆ ಮೂರು ತಿಂಗಳ ಬಳಿಕ ಮತ್ತೆ ಮಾಡಿಸಿ. ಮದುವೆ ಗೊತ್ತಾದವರು ಗಂಡು ಹೆಣ್ಣು ಇಬ್ಬರೂ ತಾವಾಗಿಯೇ ಹೋಗಿ ಮಾಡಿಸಲಿ. ಹೆಣ್ಣಿನ ಕಡೆಯವರಿಗೆ ಮಾತ್ರ ರಿಪೋರ್ಟು ಕೇಳುವ ಪದ್ಧತಿ ಬೇಡ.

ಅಪಾಯ ಆಗಿದೆ ಎನಿಸಿದರೆ, ಕಾಂಡೋಮ್ ಹರಿದಿರಲಿ, ಅತ್ಯಾಚಾರ ಆಗಿರಲಿ, ಆಸ್ಪತ್ರೆ ಕೆಲಸದಲ್ಲಿ ಸೂಜಿ ಚುಚ್ಚಿರಲಿ, 72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸೋಂಕು ತಡೆಯುವ ಮಾತ್ರೆಯನ್ನು 28 ದಿನ ಕೊಡುತ್ತಾರೆ. ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು.

ಬಸಿರಾದ ಕೂಡಲೇ ಪರೀಕ್ಷೆ ಮಾಡಿಸಿ, ಗಂಡನೂ ಜೊತೆಗೆ ಮಾಡಿಸಿಕೊಳ್ಳಲಿ. ಗುಪ್ತಾಂಗದಲ್ಲಿ ಹುಣ್ಣು, ಕೀವು ಇದ್ದರೆ ನಾಚಬೇಡಿ, ತೋರಿಸಿ, ಅವು ಇದ್ದಾಗ ಎಚ್‌ಐವಿ ಸುಲಭವಾಗಿ ದಾಟುತ್ತದೆ. ಕಾಂಡೋಮ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಯಾರನ್ನೂ ಕೇಳಲು ಆಗದ ಪ್ರಶ್ನೆ ಇದ್ದರೆ 1097ಕ್ಕೆ ಫೋನ್ ಮಾಡಿ. ಉಚಿತ ಕರೆ, ಹೆಸರು ಹೇಳಬೇಕಾಗಿಲ್ಲ.

ಮಾತ್ರೆ ನುಂಗುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಮಾತು: ಬಿಡಬೇಡಿ. ಬಿಟ್ಟು ಬಹಳ ದಿನ ಆಗಿದ್ದರೂ ಮತ್ತೆ ಹೋಗಿ, ಮತ್ತೆ ಶುರುಮಾಡುತ್ತಾರೆ. ಬೈದು ಕಳಿಸಿದರೆ ಅದಕ್ಕೂ ಮೇಲೆ ಹೇಳಿದ ಕಾಯ್ದೆ ಇದೆ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂಬ ಗಾದೆ ಇದೆ. ಇಷ್ಟು ದಿನ ಆ ಗಾದೆ ಹೇಳಿ ನಾವೆಲ್ಲ ಜಾರಿಕೊಂಡಿದ್ದೇವೆ. ಊರ ಬಾಯಿ ಎಂದು ಬೇರೆ ಬಾಯಿ ಇಲ್ಲ, ನನ್ನದು ನಿಮ್ಮದು ಸೇರಿಯೇ ಅದು. ಮುಂದಿನ ಸಲ ಯಾರಾದರೂ ನಿಮ್ಮ ಕಿವಿಯ ಹತ್ತಿರ ಬಂದು ‘ಅವನಿಗೆ ಅದು ಐತಂತ’ ಎಂದರೆ, ‘ಇದ್ದರ ಇರಲಿ, ನಿನಗೇನು?’ ಎಂದು ಕೇಳಿ. ಆ ಮಾತು ನಿಮ್ಮಲ್ಲೇ ನಿಂತರೆ ಒಬ್ಬರು ನಾಳೆ ಹತ್ತಿರದ ಆಸ್ಪತ್ರೆಗೇ ಹೋಗಿ ಮಾತ್ರೆ ತರುತ್ತಾರೆ.